ಅವಳು ಯಾರ ಮಗಳು?

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ಅಜ್ಜಿಗೆ ನಾನು ಒಂದು ತಪ್ಪು ಹೇಳಿದೆ. ಬೇಕೂಂತ ಹೇಳಿದ್ದಲ್ಲ. ಆದರೂ ಅವರ ಮನೆಯಲ್ಲಿ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದ ಮಾತಿಗೆ ಮೊದಲು ‘ಹೌದು’ ಅಂದು, ಎರಡು ವಾರ ಬಿಟ್ಟು ‘ಅಲ್ಲ’ ಅನ್ನಬೇಕಾಯಿತು. ಆವತ್ತು ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಬರೆದರೆ ಸ್ವಲ್ಪ ತಿಳಿಯಾದೀತು ಅಂತ ಕೂತಿದ್ದೇನೆ.

ನಾವಿರೋದು ಕೆನಡಾದ ಪೂರ್ವದ ತುದಿಯಲ್ಲಿ, ಮಾಂಕ್ಟನ್ ಊರಲ್ಲಿ. ಬಂದು ಆರು ವರ್ಷವಾಯಿತು. ಇಲ್ಲಿ ಫ್ರೆಂಚ್ ಮಾತಾಡುವವರಲ್ಲಿ ಬಹಳ ಮಂದಿ ಅಕೇಡಿಯನ್ನರು. 1600ರ ದಶಕದಲ್ಲಿ ಫ್ರಾನ್ಸಿನಿಂದ ಬಂದು, ಈಗ ನೋವಾ ಸ್ಕೋಷಿಯಾ ಅನ್ನುವ ಕಡಲತೀರದಲ್ಲಿ ಉಪ್ಪುನೀರಿನ ಜೌಗಿಗೆ ಕಟ್ಟೆ ಕಟ್ಟಿ ಬೇಸಾಯ ಮಾಡಿದವರ ಮಕ್ಕಳು, ಮರಿಮಕ್ಕಳು. 1755ರಲ್ಲಿ ಬ್ರಿಟಿಷರು ಇವರನ್ನು ಮನೆ ಮಠ ಬಿಡಿಸಿ ಹಡಗು ಹತ್ತಿಸಿದರು. ಮುಂದಿನ ಎಂಟು ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಜನ ಹೀಗೆ ದಿಕ್ಕಾಪಾಲಾದರು. ನಮ್ಮ ಊರಿಗೆ ಇಟ್ಟಿರುವ ಹೆಸರೇ ಆ ಕೆಲಸಕ್ಕೆ ನಿಂತ ಸೇನಾಧಿಕಾರಿಗಳಲ್ಲಿ ಒಬ್ಬನಾದ ರಾಬರ್ಟ್ ಮಾಂಕ್ಟನ್‌ನದು. ಓಡಿಸಿದವನ ಹೆಸರಿನ ಊರಲ್ಲೇ ಓಡಿಸಿಕೊಂಡವರ ಮಕ್ಕಳು ಮತ್ತೆ ಬಂದು ಬೇರು ಬಿಟ್ಟಿದ್ದಾರೆ. ಇದು ಗೊತ್ತಾದ ದಿನ ಬಸ್ ಸ್ಟಾಪಿನ ಬೋರ್ಡನ್ನು ನಾನು ಬೇರೆ ಥರ ನೋಡಿದೆ.

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಸ್ಕೂಲ್ ಟೀಚರ್ ಆಗಿದ್ದವರು. ಕಣ್ಣಿನ ನಡುಭಾಗ ಮಬ್ಬಾಗಿ, ಓದಲು ಆಗುತ್ತಿಲ್ಲ. ಓದಲಾಗದ ಹೊತ್ತಿಗೇ ಅವರಿಗೆ ತಮ್ಮ ಮನೆತನದ ಬೇರು ಹುಡುಕುವ ಆಸೆ ಬಲವಾಯಿತು. ಆಫೀಸಿಗೆ ಬೇಕೂಂತ ನಾನು ಫ್ರೆಂಚ್ ಕಲಿತಿದ್ದೆ. ಹೀಗಾಗಿ ಭಾನುವಾರ ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್ ಅವರ ಅಡುಗೆಮನೆಯ ಮೇಜಿಗೆ ಹೋಗುವುದು ಅಭ್ಯಾಸವಾಯಿತು. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಕಾಕಂಬಿ ಹಾಕಿ ಮಾಡಿದ ದಪ್ಪ ಬಿಸ್ಕತ್ತು, ಕಡು ಚಹಾ. ಆ ಬಿಸ್ಕತ್ತಿನ ವಾಸನೆ ನಮ್ಮ ಕಡೆ ಆಲೆಮನೆಯ ವಾಸನೆಯನ್ನೇ ತರುತ್ತದೆ.

ದನ ಎಣಿಸಲು ಬಂದ ಪಾದ್ರಿ

ಅಕೇಡಿಯನ್ನರ ವಂಶ ಹುಡುಕುವವರೆಲ್ಲ ಮೊದಲು ಹೋಗಿ ನಿಲ್ಲುವುದು 1671ರ ಜನಗಣತಿಯ ಮುಂದೆ. ಇಂಗ್ಲಿಷರ ಕೈಯಲ್ಲಿದ್ದ ಅಕೇಡಿಯಾ, ಅಂದರೆ ಆ ಕಡಲತೀರದ ನಾಡು, ಫ್ರಾನ್ಸಿಗೆ ವಾಪಸ್ ಬಂದಿತ್ತು. ಅಲ್ಲಿ ಎಷ್ಟು ಜನ, ಎಷ್ಟು ದನ ಇವೆ ಅನ್ನುವುದು ದೊರೆಗೆ ಬೇಕಾಗಿತ್ತು. ಪೋರ್ ರೊಯಾಲ್ ಎಂಬ ಊರಿನ ಪಾದ್ರಿ ಲೊರಾಂ ಮೊಲಾಂ ಮನೆಮನೆಗೆ ಹೋಗಿ ಬರೆದುಕೊಂಡರು. ಇಡೀ ಅಕೇಡಿಯಾದಲ್ಲಿ ಆಗ ಸುಮಾರು 400 ಫ್ರೆಂಚ್ ಜನ ಇದ್ದಿರಬೇಕು, ಅಷ್ಟೇ. ಒಂದು ಮದುವೆಮನೆಯಷ್ಟು ಜನ! ಇವತ್ತು ಇಲ್ಲಿಂದ ಅಮೆರಿಕದ ದಕ್ಷಿಣದ ಲೂಯಿಸಿಯಾನಾವರೆಗೆ ಹರಡಿರುವ ಲಕ್ಷಗಟ್ಟಲೆ ಮಂದಿಯ ಬೇರು ಹೆಚ್ಚುಕಮ್ಮಿ ಆ ಕೆಲವೇ ಹಾಳೆಗಳಲ್ಲಿದೆ.

ಪಟ್ಟಿಯ ರೀತಿ ಸರಳ. ಗಂಡಸಿನ ಹೆಸರು, ಕಸುಬು, ವಯಸ್ಸು. ಹೆಂಡತಿಯ ಹೆಸರು, ವಯಸ್ಸು. ಮಕ್ಕಳು. ಆಮೇಲೆ ದನ ಎಷ್ಟು, ಕುರಿ ಎಷ್ಟು, ಉಳುವ ಭೂಮಿ ಎಷ್ಟು. ನಮ್ಮ ಕಡೆ ಶಾನುಭೋಗರ ಲೆಕ್ಕದ ಪುಸ್ತಕ ನೋಡಿದವರಿಗೆ ಇದೇನೂ ಹೊಸದಲ್ಲ. ಆದರೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಹೆಂಡತಿಯ ಹೆಸರಿನ ಜೊತೆಗೆ ಅವಳ ತವರಿನ ಮನೆತನದ ಹೆಸರೂ ಇದೆ. ಗಂಡನ ಮನೆ ಹೆಸರು ಅವಳಿಗೆ ಅಂಟಿಲ್ಲ. ಹುಟ್ಟಿನಿಂದ ಸಾಯುವತನಕ ದಾಖಲೆಯಲ್ಲಿ ಅವಳು ಅಪ್ಪನ ಮನೆಯ ಹೆಸರಲ್ಲೇ ಇರುತ್ತಾಳೆ. 1686ರಲ್ಲಿ ಜಾಕ್ ದ ಮ್ಯೋಲ್ ಎಂಬ ಅಧಿಕಾರಿ ಮಾಡಿಸಿದ ಗಣತಿಯಲ್ಲೂ ಹಾಗೇ. ದನ ಎಣಿಸಲು ಬಂದವರು ಹೆಣ್ಣುಮಕ್ಕಳ ತವರನ್ನೂ ಉಳಿಸಿಹೋದರು.

ಎಲ್ಲರೂ ಪಾದ್ರಿಗೆ ಬಾಯಿ ಬಿಡಲಿಲ್ಲ. ಪೀಪಾಯಿ ಮಾಡುವ ಪಿಯೇರ್ ಲಾನೂ ‘ನಾನು ಚೆನ್ನಾಗಿದ್ದೇನೆ, ವಯಸ್ಸು ಹೇಳಲ್ಲ’ ಅಂದ. ಎತಿಯೆನ್ ರೊಬಿಶೋ ಪಾದ್ರಿಯ ಮುಖ ನೋಡಲೂ ಒಪ್ಪದೆ ಮನೆಯಿಂದ ಹೊರಗೆ ಹೋಗಿಬಿಟ್ಟ. ದನದ ಲೆಕ್ಕ, ಭೂಮಿಯ ಲೆಕ್ಕ ಕೊಡಲ್ಲ ಅಂತ ಹೆಂಡತಿ ಬಾಯಲ್ಲಿ ಹೇಳಿಸಿದ. ದರ್ಜಿ ಪಿಯೇರ್ ಮೆಲಾಂಸೋಂ ಕೂಡ ಹೇಳಲಿಲ್ಲ. ಅವನ ಹೆಂಡತಿಯಂತೂ, ಇಂಥದ್ದಕ್ಕೆಲ್ಲ ಬೀದಿ ಬೀದಿ ಅಲೆಯೋದಕ್ಕೆ ನಿಮಗೇನು ಹುಚ್ಚಾ ಅಂತ ಕೇಳಿದಳು. ಪಾದ್ರಿ ಅದನ್ನೂ ಬಿಡದೆ ಬರೆದಿದ್ದಾರೆ! ತೆರಿಗೆ ಹಾಕಲು ಬಂದಿದ್ದಾರೆ ಅನ್ನುವ ಭಯ ಇರಬೇಕು. ಈ ಸಾಲು ಓದಿದಾಗ ಅಜ್ಜಿ ಮೇಜು ತಟ್ಟಿ ನಕ್ಕರು. ‘ಇನ್ನೊಂದು ಸಲ ಓದು ಮಾ ಶೆರ್’ ಅಂದರು. ಮತ್ತೆ ಓದಿದೆ. ಆಗ ಕಣ್ಣಿಗೆ ಬಿತ್ತು. ಆ ಹೆಂಗಸು ಆಡಿದ ಮಾತು ಅಲ್ಲಿದೆ, ಅವಳ ಹೆಸರೇ ಇಲ್ಲ. ಅವಳು ಮಾರ್ಗರಿತ್ ಮಿಯೂಸ್ ಅನ್ನುವುದು ಬೇರೆ ದಾಖಲೆಗಳಿಂದ ಗೊತ್ತಾಗಬೇಕು. ಲೆಕ್ಕ ಕೊಟ್ಟಿದ್ದರೆ ಅವಳ ಹೆಸರೂ ಅಲ್ಲೇ ಇರುತ್ತಿತ್ತು.

ಒಬ್ಬಳೇ ಹೆಂಗಸು, ಎರಡು ಹೆಸರು

ಅಜ್ಜಿ ಹುಡುಕುತ್ತಿದ್ದದ್ದು ರಾದಗೋಂದ್ ಲಾಂಬೇರ್ ಎಂಬ ಹೆಂಗಸನ್ನು. ಅಮ್ಮನ ಕಡೆಯಿಂದ ಇವರ ಬೇರು ಜಾಂ ಬ್ಲಾಂಶಾರ್ ಎಂಬ ರೈತನಿಗೆ ಹೋಗಿ ಸೇರುತ್ತದೆ. ರಾದಗೋಂದ್ ಅವನ ಹೆಂಡತಿ. ಅವಳು ಈ ನೆಲದ ಮೂಲನಿವಾಸಿಗಳಾದ ಮಿಕ್ಮಾ ಜನರ ಮಗಳು ಅಂತ ಅಜ್ಜಿಯ ಅಜ್ಜಿ ಹೇಳುತ್ತಿದ್ದರಂತೆ. ಇವರೊಬ್ಬರದೇ ಅಲ್ಲ, ಬ್ಲಾಂಶಾರ್ ಮೂಲದ ಎಷ್ಟೋ ಮನೆಗಳಲ್ಲಿ ಈ ಮಾತಿದೆ. ಅದರಲ್ಲಿ ಅಸಂಭವವೇನೂ ಇಲ್ಲ. ಮಿಕ್ಮಾ ಹೆಣ್ಣುಮಕ್ಕಳನ್ನು ಮದುವೆಯಾದ ಅಕೇಡಿಯನ್ನರು ನಿಜವಾಗಿಯೂ ಇದ್ದರು. ಪಾದ್ರಿಯನ್ನು ಬೈದ ಮಾರ್ಗರಿತ್‌ಳ ತಮ್ಮ ಫಿಲಿಪ್ ಮಿಯೂಸ್ ಅಂಥವನೇ.

1671ರ ಪಟ್ಟಿಯಲ್ಲಿ ಆ ಮನೆ ಸಿಕ್ಕಿತು. ಜಾಂ ಬ್ಲಾಂಶಾರ್, 60. ಹೆಂಡತಿ ರಾದಗೋಂದ್ ಲಾಂಬೇರ್, 42. ಆರು ಮಕ್ಕಳು. 1686ರ ಪಟ್ಟಿಯಲ್ಲೂ ಇಬ್ಬರೂ ಇದ್ದಾರೆ. ಗಂಡನಿಗೆ 75, ಸರಿಯಾಗಿದೆ. ಹೆಂಡತಿಗೆ 65. ಹದಿನೈದು ವರ್ಷದಲ್ಲಿ ಅವಳಿಗೆ 23 ವರ್ಷ ಜಾಸ್ತಿಯಾಗಿದೆ! ಆಗ ಹುಟ್ಟಿದ ದಿನ ನೆನಪಿಟ್ಟುಕೊಂಡವರು ಯಾರು? ನಮ್ಮಲ್ಲೂ ‘ದೊಡ್ಡ ಬರ ಬಂದ ವರ್ಷ ಹುಟ್ಟಿದ್ದು’ ಅನ್ನುವವರು ಇರಲಿಲ್ಲವಾ? ವಯಸ್ಸನ್ನು ಗಟ್ಟಿಯಾಗಿ ಹಿಡಿದುಕೊಂಡರೆ ದಾರಿ ತಪ್ಪುತ್ತದೆ ಅನ್ನುವುದು ಇಲ್ಲಿ ಕಲಿತ ಮೊದಲ ಪಾಠ.

ಚರ್ಚಿನ ರಿಜಿಸ್ಟರ್ ನೋಡೋಣ ಅಂದುಕೊಂಡೆವು. ಪೋರ್ ರೊಯಾಲ್ ಚರ್ಚಿನ ರಿಜಿಸ್ಟರುಗಳಲ್ಲಿ ಈಗ ಉಳಿದಿರುವುದು 1702ರಿಂದ ಈಚಿನವು ಮಾತ್ರ. ಹ್ಯಾಲಿಫ್ಯಾಕ್ಸಿನ ನೋವಾ ಸ್ಕೋಷಿಯಾ ದಾಖಲೆ ಸಂಗ್ರಹದಲ್ಲಿವೆ. ಹಾಳೆಗಳ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ರಾದಗೋಂದ್ ಮದುವೆಯಾದದ್ದು ಅದಕ್ಕಿಂತ ಅರವತ್ತು ವರ್ಷ ಮುಂಚೆ ಇರಬೇಕು. ಅವಳ ಅಪ್ಪ ಅಮ್ಮನ ಹೆಸರು ಬರೆದಿದ್ದ ಹಾಳೆ ಎಲ್ಲೂ ಉಳಿದಿಲ್ಲ.

ಆಗಲೇ ನಾನು ಆತುರಪಟ್ಟೆ. ಯಾರೋ ಇಂಟರ್ನೆಟ್ಟಿನಲ್ಲಿ ಕಟ್ಟಿದ ಒಂದು ವಂಶವೃಕ್ಷದಲ್ಲಿ ರಾದಗೋಂದ್‌ಳ ತಾಯಿಯ ಜಾಗದಲ್ಲಿ ‘ಮಿಕ್ಮಾ ಹೆಂಗಸು’ ಅಂತ ಸಿಕ್ಕಿತು. ಅಚ್ಚುಕಟ್ಟಾದ ಚೌಕ, ಕೆಳಗೆ ವರ್ಷ. ಆಧಾರ ಏನು ಅಂತ ನೋಡಲಿಲ್ಲ. ‘ನಿಮ್ಮಜ್ಜಿ ಹೇಳಿದ್ದು ನಿಜ ಮದಾಮ್’ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಎದ್ದು ಹೋಗಿ ಮಗಳಿಗೆ ಫೋನ್ ಮಾಡಿದರು.

ಎರಡು ವಾರದ ಮೇಲೆ ಸರಿಯಾಗಿ ಹುಡುಕಿದಾಗ ಸಿಕ್ಕಿದ್ದು ಬೇರೆಯೇ ಕಥೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1755ರಲ್ಲಿ ಗ್ರಾಂ ಪ್ರೇ ಎಂಬ ಅಕೇಡಿಯನ್ ಊರಿನ ಸುತ್ತಿನ ಬಹಳ ಮಂದಿಯನ್ನು ವರ್ಜೀನಿಯಾಕ್ಕೆ ಕಳಿಸಿದರು. ಅಲ್ಲಿಯವರು ಇವರನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ಏಳು ವರ್ಷ ಸೆರೆಯಂಥ ಬದುಕು. ಯುದ್ಧ ಮುಗಿದ ಮೇಲೆ 1763ರಲ್ಲಿ ಫ್ರಾನ್ಸಿಗೆ ಬಂದರು. 1765ರಲ್ಲಿ 78 ಕುಟುಂಬಗಳಿಗೆ ಬೆಲ್ ಈಲ್ ಎಂಬ ದ್ವೀಪದಲ್ಲಿ ಭೂಮಿ ಕೊಟ್ಟರು. ಅಲ್ಲಿ ನೆಲೆ ನಿಂತ ಮೇಲೆ ಒಂದು ತೊಡಕು ಬಂತು. ಚರ್ಚಿನ ಪುಸ್ತಕಗಳೆಲ್ಲ ಸಮುದ್ರದ ಆಚೆ ಬಿಟ್ಟುಹೋಗಿವೆ. ಯಾರು ಯಾರ ಮಗ, ಯಾರು ಯಾರಿಗೆ ಏನಾಗಬೇಕು ಅನ್ನುವುದಕ್ಕೆ ಕಾಗದವೇ ಇಲ್ಲ. ಹಾಗಾಗಿ 1767ರಲ್ಲಿ ಒಂದೊಂದು ಕುಟುಂಬದವರನ್ನೂ ಕರೆದು, ಸಾಕ್ಷಿಗಳನ್ನು ಕೂರಿಸಿ, ಪ್ರಮಾಣ ಮಾಡಿಸಿ, ಬಾಯಲ್ಲಿ ಹೇಳಿದ ವಂಶಾವಳಿಯನ್ನು ಬರೆದುಕೊಂಡರು. ಮನೆ ಸುಟ್ಟು, ಮೂರು ದೇಶ ಅಲೆದು, ಮಕ್ಕಳನ್ನು ಮಣ್ಣು ಮಾಡಿ ಬಂದ ಜನ ನಾಲ್ಕೈದು ತಲೆಮಾರು ಹಿಂದಿನವರ ಹೆಸರನ್ನು ತಡವರಿಸದೆ ಹೇಳಿದರು.

ಆ ಹೇಳಿಕೆಗಳಲ್ಲಿ ಜಾಂ ಬ್ಲಾಂಶಾರ್ ಬರುತ್ತಾನೆ. ಅವನು ಹೆಂಡತಿಯ ಜೊತೆಗೇ ಫ್ರಾನ್ಸಿನಿಂದ ಬಂದ ಅಂತ ಹೇಳಿದ್ದಾರೆ. ಆದರೆ ಹೆಂಡತಿಯ ಹೆಸರು ರಾದಗೋಂದ್ ಅಲ್ಲ, ಗಿಯ್‌ಮೆತ್ ಲಾಂಬೇರ್ ಅಂತಿದೆ! ಇಬ್ಬರು ಹೆಂಡತಿಯರಿದ್ದರಾ? ಒಬ್ಬಳಿಗೇ ಎರಡು ಹೆಸರಾ? ಈ ಹೇಳಿಕೆ ಕೊಟ್ಟವನು ಜಾಂ ಬ್ಲಾಂಶಾರನ ಮರಿಮೊಮ್ಮಗನ ಮಗಳೊಬ್ಬಳ ಗಂಡ. ಅಂದರೆ ಮನೆಯ ಅಳಿಯ. ಹೆಂಡತಿ ಕಡೆಯ, ನೂರಿಪ್ಪತ್ತು ವರ್ಷ ಹಿಂದಿನ ಅಜ್ಜಿಯ ಹೆಸರನ್ನು ಅವನು ಹೇಳಬೇಕಿತ್ತು. ಇಲ್ಲಿಯ ವಿಶ್ವವಿದ್ಯಾಲಯದ ಅಕೇಡಿಯನ್ ಅಧ್ಯಯನ ಕೇಂದ್ರದಲ್ಲಿ ಈ ಕುಟುಂಬಗಳಿಗಾಗಿಯೇ ಜೀವಮಾನ ಕೊಟ್ಟ ಸ್ಟೀಫನ್ ವೈಟ್ ಅವರ ತೀರ್ಮಾನ ಏನೆಂದರೆ, ಅವನು ಹೆಸರಲ್ಲಿ ಎಡವಿದ್ದಾನೆ, ಹೆಂಗಸು ಒಬ್ಬಳೇ. ನನಗೂ ಹಾಗೇ ಅನ್ನಿಸುತ್ತದೆ. ಅವಳು ಬದುಕಿದ್ದಾಗ ಮನೆಬಾಗಿಲಿಗೆ ಬಂದು ಬರೆದ ಎರಡು ಪಟ್ಟಿಯಲ್ಲೂ ರಾದಗೋಂದ್ ಅಂತಲೇ ಇದೆ. ನೆನಪು ಅವಳ ತವರಿನ ಮನೆತನವನ್ನು ಉಳಿಸಿಕೊಂಡಿತು, ಬಂದ ನಾಡನ್ನು ಉಳಿಸಿಕೊಂಡಿತು, ಅವಳ ಸ್ವಂತ ಹೆಸರನ್ನು ಮಾತ್ರ ಕಳೆದುಕೊಂಡಿತು.

ಕೊನೆಗೆ ಡಿಎನ್ಎ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹಾಗೇ ಇಳಿದು ಬರುವ ಒಂದು ಭಾಗ ಇದೆಯಲ್ಲ, ರಾದಗೋಂದ್‌ಳಿಂದ ಬರೀ ಹೆಣ್ಣುಮಕ್ಕಳ ಸಾಲಲ್ಲಿ ಇಳಿದವರು ಅದನ್ನು ಪರೀಕ್ಷೆ ಮಾಡಿಸಿದ್ದಾರೆ. ಬಂದದ್ದು ಎಕ್ಸ್ ಎಂಬ ಗುಂಪು. ಈ ಗುಂಪಿನ ಒಂದು ಕವಲು ಅಮೆರಿಕದ ಮೂಲನಿವಾಸಿಗಳಲ್ಲೂ ಇರುವುದರಿಂದ ಮೊದಲು ಎಲ್ಲರೂ ಮಿಕ್ಮಾ ಅಂತಲೇ ಸಂತೋಷಪಟ್ಟರು. ಬಿಡಿಸಿ ನೋಡಿದಾಗ ಅವಳದು ಯುರೋಪಿನ ಕವಲು ಅಂತ ತಿಳಿಯಿತು. ರಾದಗೋಂದ್ ಅನ್ನುವ ಹೆಸರೂ ಫ್ರಾನ್ಸಿನ ಪ್ವಾತಿಯೇ ಊರಲ್ಲಿ ಮಠ ಕಟ್ಟಿದ ಆರನೇ ಶತಮಾನದ ಒಬ್ಬ ರಾಣಿಯದು. ಆಕೆಯನ್ನು ಅಲ್ಲಿ ಸಂತಳಾಗಿ ಪೂಜಿಸುತ್ತಾರೆ. ಇದಕ್ಕೆ ತದ್ವಿರುದ್ಧವಾದ ಕಥೆಯೂ ಉಂಟು. ಪೋರ್ ರೊಯಾಲ್ ಕೋಟೆಯ ಮುಖ್ಯಸ್ಥನಾಗಿದ್ದ ಜೆರ್ಮಾಂ ದುಸೆಯ ಮಗ ಅಂತ ಎಲ್ಲರೂ ತಿಳಿದಿದ್ದ, ಅದೇ ಹೆಸರಿನ ಇನ್ನೊಬ್ಬ ಜೆರ್ಮಾಂ ದುಸೆಯ ಗಂಡುಸಂತಾನದಲ್ಲಿ ಮೂಲನಿವಾಸಿಗಳ ಗುರುತೇ ಸಿಕ್ಕಿತು. ಸಾಕುಮಗನಾಗಿರಬಹುದು ಅನ್ನುತ್ತಾರೆ. ಕಾಗದ ಏನೇ ಹೇಳಲಿ, ಮಗನಂತೆ ಬೆಳೆಸಿದ್ದರೆ ಅವನು ಮಗನೇ ಅಂತ ನನಗನ್ನಿಸುತ್ತದೆ.

ಇಷ್ಟನ್ನೂ ಬರೆದುಕೊಂಡು ಹೋಗಿ ಅಜ್ಜಿಯ ಮುಂದೆ ಕೂತೆ. ಹೊರಗೆ ಹಿಮ ಬೀಳುತ್ತಿತ್ತು. ಕ್ಷಮೆ ಕೇಳಿದೆ. ಅವರು ಬಿಸ್ಕತ್ತಿನ ಚೂರುಗಳನ್ನು ಬೆರಳಿನಿಂದ ಮೇಜಿನ ಅಂಚಿಗೆ ಸರಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: ‘ಸರಿ. ಹಾಗಾದರೆ ಅವಳು ಯಾರ ಮಗಳು?’

ಅದಕ್ಕೆ ಉತ್ತರ ಕೊಡುವ ದಾಖಲೆ ಇಲ್ಲ.

ಸಂಬಂಧದ ಮೆಟ್ಟಿಲು

ಆದರೂ ಹಾಳೆ ಕಳೆದುಹೋದ ಕಡೆಯೆಲ್ಲ ದಾರಿ ಮುಚ್ಚಿಹೋಗುವುದಿಲ್ಲ. ಅಜ್ಜಿಯ ಬೇರೆ ಸಾಲುಗಳನ್ನು ಹಿಡಿದು ಹೋದಾಗ ನನಗೆ ಬಹಳ ಹಿಡಿಸಿದ ಒಂದು ಉಪಾಯ ಗೊತ್ತಾಯಿತು. ಕ್ಯಾಥೊಲಿಕ್ ಚರ್ಚಿನಲ್ಲಿ ಆಗ ಹತ್ತಿರದ ರಕ್ತಸಂಬಂಧಿಗಳು ಮದುವೆಯಾಗುವಂತಿರಲಿಲ್ಲ. ಮುತ್ತಜ್ಜ ಒಬ್ಬನೇ ಆಗಿದ್ದರೆ ಮೂರನೇ ಮೆಟ್ಟಿಲು, ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ದರೆ ನಾಲ್ಕನೇ ಮೆಟ್ಟಿಲು. ಅಲ್ಲಿಯವರೆಗೂ ತಡೆ ಇತ್ತು. 400 ಜನರಿಂದ ಬೆಳೆದ ಊರುಗಳಲ್ಲಿ ಅಷ್ಟು ದೂರದ ಹೆಣ್ಣು ಎಲ್ಲಿಂದ ತರೋದು? ಚರ್ಚಿನಿಂದ ವಿನಾಯಿತಿ ಪಡೆದು ಮದುವೆಯಾಗುತ್ತಿದ್ದರು. ಆ ವಿನಾಯಿತಿ ಎಷ್ಟನೇ ಮೆಟ್ಟಿಲಿನದು ಅಂತ ಮದುವೆಯ ದಾಖಲೆಯಲ್ಲೇ ಬರೆಯುತ್ತಿದ್ದರು. ‘ಮೂರರಿಂದ ನಾಲ್ಕನೇ ಮೆಟ್ಟಿಲು’ ಅಂತಿದ್ದರೆ ಒಬ್ಬರು ಮೂಲದಿಂದ ಮೂರು ತಲೆಮಾರು ಕೆಳಗೆ, ಇನ್ನೊಬ್ಬರು ನಾಲ್ಕು. ಗಂಡಿನ ವಂಶ ಪೂರ್ತಿ ಗೊತ್ತಿದ್ದು ಹೆಣ್ಣಿನ ಕಡೆ ಒಂದು ಕೊಂಡಿ ಕಳಚಿದ್ದರೆ, ಈ ಒಂದು ಸಾಲನ್ನು ಹಿಡಿದು ಅವಳ ಅಜ್ಜಿ ಯಾರಾಗಿರಬೇಕು ಅಂತ ಲೆಕ್ಕ ಹಾಕಬಹುದು. ಸೋದರಮಾವನ ಮಗಳನ್ನು ತರುವುದೇ ಹಕ್ಕು ಅಂತ ಬೆಳೆದ ನನಗೆ ಇದು ಮೊದಲು ತಲೆಗೆ ಹತ್ತಲಿಲ್ಲ. ಕಾಗದದ ಮೇಲೆ ನನ್ನ ಅತ್ತೆ ಮಾವಂದಿರನ್ನೇ ಬರೆದು ಮೆಟ್ಟಿಲು ಎಣಿಸಿದ ಮೇಲೆ ಅರ್ಥವಾಯಿತು. ಸ್ಟೀಫನ್ ವೈಟ್ 1999ರಲ್ಲಿ ಹೊರತಂದ, 1636ರಿಂದ 1714ರವರೆಗಿನ ಕುಟುಂಬಗಳ ಎರಡು ದಪ್ಪ ಸಂಪುಟಗಳಲ್ಲಿ ಇಂಥ ಲೆಕ್ಕದಿಂದ ಜೋಡಿಸಿದ ಕೊಂಡಿಗಳು ಎಷ್ಟೋ ಇವೆ. ಒಂದು ತಡೆ, ಅದಕ್ಕೊಂದು ವಿನಾಯಿತಿ, ಅದನ್ನು ನಿಯತ್ತಾಗಿ ಬರೆದಿಟ್ಟ ಒಬ್ಬ ಪಾದ್ರಿ. ಇವರಿಂದ ಮುನ್ನೂರು ವರ್ಷದ ಮೇಲೆ ಒಬ್ಬ ತಾಯಿ ಸಿಗುತ್ತಾಳೆ.

ಪುಸ್ತಕಗಳನ್ನು ಜನ ಉಳಿಸಿದ ಬಗೆಯೂ ಹಾಗೇ ಇದೆ. ಗ್ರಾಂ ಪ್ರೇ ಊರಿನ ಸೇಂಟ್ ಚಾರ್ಲ್ಸ್ ಚರ್ಚಿನಲ್ಲೇ 1755ರ ಸೆಪ್ಟೆಂಬರ್ 5ರಂದು ಗಂಡಸರನ್ನೆಲ್ಲ ಕೂಡಿಹಾಕಿ ಗಡಿಪಾರಿನ ಆಜ್ಞೆ ಓದಿದ್ದು. ಆ ಚರ್ಚಿನ 1707ರಿಂದ 1748ರವರೆಗಿನ ಹುಟ್ಟು, ಮದುವೆ, ಸಾವಿನ ಪುಸ್ತಕಗಳಲ್ಲಿ ಕೆಲವು ಈಗ ಲೂಯಿಸಿಯಾನಾದ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದಲ್ಲಿವೆ. ಗಡಿಪಾರಾದ ಜನವೇ ಹೊತ್ತುಕೊಂಡು ಹೋದದ್ದು. ಹಡಗಿಗೆ ಏನೇನು ತಗೊಂಡು ಹೋಗಬಹುದು ಅನ್ನುವಾಗ ಯಾರೋ ಆ ಪುಸ್ತಕವನ್ನು ತಗೊಂಡರು. ನಾನು ಆ ಜಾಗದಲ್ಲಿದ್ದರೆ ಅಕ್ಕಿ, ಕಂಬಳಿ, ಪಾತ್ರೆ ಅನ್ನುತ್ತಿದ್ದೆನೇನೋ. ಇದನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಎತ್ತಿನ ಮೇಲೆ ಬಂದವನು

ಬೆಲ್ ಈಲ್ ದ್ವೀಪದ ಆ ಹೇಳಿಕೆಗಳನ್ನು ಓದುವಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ತಿಪಟೂರಿನ ಹತ್ತಿರದ ನಮ್ಮ ತಾತನ ಊರು. ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಕಾಲು ಕಾಣದಂತೆ ಕಂಬಳಿ ಹೊದ್ದು ಎತ್ತಿನ ಮೇಲೆ ಕೂತು, ಕೈಯಲ್ಲಿ ಗಂಟೆ. ಜಗುಲಿಯ ಮುಂದೆ ನಿಂತು, ಮೂಲಪುರುಷನಿಂದ ಶುರು ಮಾಡಿ ನಮ್ಮ ಮನೆತನದ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದ. ತಾತ ಕಣ್ಣು ಮುಚ್ಚಿ ಕೇಳುತ್ತಿದ್ದರು. ಈಗ ಈ ಅಜ್ಜಿ ಕೇಳುವ ಹಾಗೆಯೇ. ಕೊನೆಗೆ ಆ ವರ್ಷ ಹುಟ್ಟಿದ ಮಗುವಿನ ಹೆಸರನ್ನು ಅವನಿಗೆ ಹೇಳಬೇಕು. ನನ್ನ ತಮ್ಮ ಹುಟ್ಟಿದ ವರ್ಷ ಅವನ ಹೆಸರು ಆ ಸಾಲಿಗೆ ಸೇರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಮ್ಮಜ್ಜಿ ಒಂದು ಮೊರ ರಾಗಿ, ತಾತನ ಹಳೇ ಪಂಚೆ ಕೊಟ್ಟರು. ‘ನನ್ನ ಹೆಸರು?’ ಅಂತ ನಾನು ಕೇಳಿದೆ. ‘ನೀನು ಹೋಗೋ ಮನೇಲಿ ಹೇಳ್ತಾರೆ ತಾಯಿ’ ಅಂದ ಅವನು. ಹೋದ ಮನೆಯ ಹೆಳವ ಹೇಳುತ್ತಿದ್ದದ್ದಾದರೂ ‘ಇಂಥ ಊರಿನ ಹೆಣ್ಣು ತಂದರು’ ಅಂತ ಅಷ್ಟೇ ಇರಬೇಕು. ನಮ್ಮ ಮನೆಗೆ ಬಂದ ಹೆಣ್ಣುಗಳನ್ನು ಇವನು ಹಾಗೇ ಹೇಳುತ್ತಿದ್ದ. ಆಗ ಅದು ಬಿಟ್ಟುಹೋಯಿತು ಅನ್ನಿಸಿರಲಿಲ್ಲ. ಮುನ್ನೂರೈವತ್ತು ವರ್ಷದ ಹಿಂದಿನ ರೈತನ ಹೆಂಡತಿಯ ತವರು ಹೆಸರನ್ನು ನಾನೇ ಗಟ್ಟಿಯಾಗಿ ಓದಿದ ಮೇಲೆ ಅನ್ನಿಸಿತು.

ಮಾರ್ಚ್ ತಿಂಗಳ ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ಸುಮ್ನೆ ಕೇಳಿದರು. ‘ನಿನ್ನ ಅಮ್ಮನ ಅಮ್ಮನ ಅಮ್ಮ ಯಾರು?’ ನನಗೆ ಗೊತ್ತಿರಲಿಲ್ಲ. ಬ್ಲಾಂಶಾರ್ ಮನೆಯ ಆರು ಮಕ್ಕಳ ಹೆಸರು ಬಾಯಿಪಾಠ ಆಗಿತ್ತು, ನನ್ನ ಮುತ್ತಜ್ಜಿಯ ಹೆಸರು ಗೊತ್ತಿರಲಿಲ್ಲ.

ಆ ರಾತ್ರಿ, ಊರಲ್ಲಿ ಬೆಳಗಾಗುವ ಹೊತ್ತಿಗೆ, ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಯೋಚನೆ ಮಾಡಿದಳು. ‘ಅರಸೀಕೆರೆ ಕಡೆಯವರು ಕಣೆ. ನಮ್ಮಮ್ಮ ಅವರನ್ನ ಅವ್ವ ಅಂತಿದ್ಲು. ಹೆಸರು ಹಿಡ್ದು ಯಾರು ಕರೀತಿದ್ರು ಹೇಳು?’ ಊರು ಗೊತ್ತು, ಹೆಸರು ಗೊತ್ತಿಲ್ಲ. ಥೇಟ್ ಆ ಬೆಲ್ ಈಲ್‌ನ ಅಳಿಯನ ಹಾಗೆ. ‘ದೊಡ್ಡಮ್ಮನ್ನ ಕೇಳ್ತೀನಿ ಇರು’ ಅಂದಳು.

ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಆದರೆ ಅವರಿಗೆ ಅಟ್ಟದ ಮೇಲಿದ್ದ ಒಂದು ತಾಮ್ರದ ಹಂಡೆ ನೆನಪಾಯಿತು. ಮುತ್ತಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟದ್ದು. ಹಿಂದೆಲ್ಲ ಕೊಟ್ಟ ಪಾತ್ರೆಗೆ ಚುಕ್ಕಿ ಹೊಡೆದು ಹೆಸರು ಬರೆಸುತ್ತಿದ್ದರಲ್ಲ, ಹಾಗೆ ಕಂಠದ ಕೆಳಗೆ ಏನೋ ಬರೆದಿದೆಯಂತೆ. ಹುಣಸೆಹಣ್ಣು ಹಾಕಿ ಉಜ್ಜಿಸಿ ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸಿದರು. ಮೊದಲು ‘ಪು’ ಅಂತ ಸ್ಪಷ್ಟವಾಗಿದೆ. ಆಮೇಲೆ ‘ಟ್ಟ’ ಇರಬಹುದು, ಅಥವಾ ‘ಟ’. ಅದರ ಪಕ್ಕಕ್ಕೆ ಹಂಡೆ ನೆಗ್ಗಿದೆ. ನೆಗ್ಗಿನ ಆಚೆ ಒಂದು ‘ಮ್ಮ’.

ಮುಂದಿನ ಭಾನುವಾರ ಆ ಫೋಟೋವನ್ನು ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಅವರಿಗೆ ಅಕ್ಷರ ಗೊತ್ತಿಲ್ಲ, ನೋಟವೂ ಸರಿಯಾಗಿಲ್ಲ. ಭೂತಗನ್ನಡಿ ಹಿಡಿದು, ಮುಖ ಓರೆ ಮಾಡಿ, ಕಣ್ಣಂಚಿನಿಂದ ಚುಕ್ಕಿ ಚುಕ್ಕಿಯನ್ನೂ ನೋಡಿದರು. ‘ಓದು’ ಅಂದರು. ಇರುವಷ್ಟನ್ನು ಓದಿದೆ. ‘ನಡುವೆ?’ ಅಂತ ಕೇಳಿದರು. ನಡುವೆ ಒಂದಕ್ಷರವೋ ಎರಡೋ ಗೊತ್ತಾಗುತ್ತಿಲ್ಲ ಅಂದೆ. ‘ಹಂಡೆಯ ಒಳಗಡೆಯಿಂದ ಫೋಟೋ ತೆಗೆಯೋಕೆ ಹೇಳು. ಹೊರಗೆ ಹೊಡೆದ ಚುಕ್ಕಿ ಒಳಗೆ ಉಬ್ಬಿರುತ್ತೆ’ ಅಂದರು ಅಜ್ಜಿ. ದೊಡ್ಡಮ್ಮನಿಗೆ ಮೆಸೇಜ್ ಹಾಕಿದ್ದೇನೆ. ಮೊಮ್ಮಗ ಶನಿವಾರ ಬರುತ್ತಾನಂತೆ, ಅವನ ಕೈಯಲ್ಲಿ ತೆಗೆಸುತ್ತಾರಂತೆ.